ಹೊಗೆ ಹಾಕದ ಮಳೆಗಾಲ

ಮೊನ್ನೆ ತಿಪಟೂರಿನಲ್ಲಿ ನಮ್ಮ ಯಜಮಾನರ ಸ್ಕೂಟರಿಗೆ ಪಂಕ್ಚರ್ ಹಾಕಿಸಲು ಒಂದು ಟೈರ್ ಅಂಗಡಿಯ ಮುಂದೆ ಕೂತಿದ್ದೆ. ಪಕ್ಕದಲ್ಲಿ ಯಾರೋ ಒಬ್ಬ ತನ್ನ ಕಾರಿಗೆ ಪಾಲಿಶ್ ಹಚ್ಚಲು ಡಬ್ಬಿ ತೆರೆದ. ಮೇಣದ ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನೆರಳು ಬಿಟ್ಟೆದ್ದು ಬಿಸಿಲಿಗೆ ಹೋಗಿ ನಿಂತೆ. ತಲೆ ಸುತ್ತಿತೇ ಎಂದು ಯಜಮಾನರು ಕೇಳಿದರು. ತಲೆ ಸುತ್ತಿರಲಿಲ್ಲ, ಮೈ ಉರಿಯುತ್ತಿತ್ತು. ಒಂದು ಇಡೀ ಮಳೆಗಾಲ ನಮ್ಮ ಕೊಬ್ಬರಿ ಮನೆಯಲ್ಲಿ ತುಂಬಿಕೊಂಡಿದ್ದ ವಾಸನೆ ಅದು. ಅಲ್ಲಿ ಇರಬೇಕಾಗಿದ್ದದ್ದು ಹೊಗೆಯ ವಾಸನೆ.

ನಾನು ಹುಟ್ಟಿದ್ದೂ, ಮದುವೆಯಾದ ಮೇಲೆ ಉಳಿದದ್ದೂ ಮಾಯಸಂದ್ರದ ಹತ್ತಿರದ ಒಂದೇ ಊರಿನಲ್ಲಿ. ಯಜಮಾನರು ಮಾಯಸಂದ್ರದ ಶಾಲೆಯಲ್ಲಿ ಮೇಷ್ಟ್ರು. ಅಪ್ಪನಿಗೆ ನಾವಿಬ್ಬರೇ ಮಕ್ಕಳು, ನಾನು ಮತ್ತು ನನಗಿಂತ ಏಳು ವರ್ಷ ಚಿಕ್ಕವನಾದ ಮಹೇಶ. ಅಪ್ಪ ಹೋಗುವ ಮುಂಚೆ ತೋಟ ಮಹೇಶ ನೋಡಿಕೊಳ್ಳಲಿ, ಅಟ್ಟ ಗಿರಿಜೆ ನೋಡಿಕೊಳ್ಳಲಿ ಎಂದು ಹೇಳಿದ್ದರು. ಬರೆದುಕೊಟ್ಟದ್ದಲ್ಲ, ಬಾಯಲ್ಲಿ ಹೇಳಿದ್ದು. ನನಗೆ ಅಷ್ಟೇ ಸಾಕಾಗಿತ್ತು.

ನಮ್ಮ ಕಡೆಯವರಲ್ಲದವರಿಗೆ ಅಟ್ಟದ ವಿಷಯ ಸ್ವಲ್ಪ ಹೇಳಬೇಕು. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಕೊಬ್ಬರಿ ಮನೆಯ ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ ಚಿಪ್ಪು ಬಿಡುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಸುಲಿದು ಚಿಪ್ಪೊಡೆದರೆ ಒಡೆಯದ ಇಡೀ ಕೊಬ್ಬರಿ ಕೈಗೆ ಬರುತ್ತದೆ. ಅದೇ ಗಿಟಕು. ಮಳೆಗಾಲದಲ್ಲಿ ಮಾತ್ರ ಅಟ್ಟವನ್ನು ಅದರ ಪಾಡಿಗೆ ಬಿಡುವ ಹಾಗಿಲ್ಲ. ಥಂಡಿಗೆ ಕಾಯಿ ಮೊಳೆಯುತ್ತದೆ, ಇಲ್ಲವೇ ಒಳಗೇ ಕೊಳೆಯುತ್ತದೆ. ಅದಕ್ಕೇ ಹದಿನೈದು ದಿನಕ್ಕೊಮ್ಮೆ ಕೆಳಗಡೆ ಮಟ್ಟೆ, ಚಿಪ್ಪು ಸೇರಿಸಿ ಬೆಂಕಿ ಮಾಡಿ, ಉರಿ ಏಳದಂತೆ ನೋಡಿಕೊಂಡು, ಬಾಗಿಲು ಹಾಕಿ ಎರಡು ದಿನ ಹೊಗೆ ಹಾಕುವುದು ನಮ್ಮ ಮನೆಯ ಪದ್ಧತಿ. ಹೊಗೆ ಹೆಚ್ಚಾದರೆ ಕೊಬ್ಬರಿ ಕಮಟು, ಕಡಿಮೆಯಾದರೆ ಬೂಷ್ಟು. ಆ ಹದ ನನ್ನ ಕೈಯಲ್ಲಿತ್ತು. ಸೊಸೆಯ ಮಡಿಲು ತುಂಬಲಿ, ಮಗಳ ಮಡಿಲು ತುಂಬಲಿ, ಸುತ್ತಿನ ನಾಲ್ಕು ಊರಿನ ಹೆಂಗಸರು ಅಕ್ಕಿಯ ಜೊತೆ ಹಾಕಲು ನಮ್ಮ ಅಟ್ಟದ ಗಿಟಕನ್ನೇ ಕೇಳುತ್ತಿದ್ದರು. ಅಟ್ಟವಿಲ್ಲದವರು ತಮ್ಮ ಕಾಯನ್ನು ತಂದು ನಮ್ಮಲ್ಲಿ ಇಡುತ್ತಿದ್ದರು. ಈ ಹೆಮ್ಮೆ ಬಿಟ್ಟರೆ ನನಗೆ ಬೇರೆ ಆಸ್ತಿ ಇರಲಿಲ್ಲ.

ಆ ವರ್ಷ ಯುಗಾದಿ ಕಳೆದ ಮೇಲೆ ಪಕ್ಕದ ಮನೆಯ ಕೆಂಪಕ್ಕ ಅರವತ್ತು ಕಾಯಿ ತಂದಿಟ್ಟಳು. ಅವಳ ಬಾವಿಯ ಪಕ್ಕದ ಒಂದೇ ಮರದ ಕಾಯಿ. ಹುಳಿಯಾರಿಗೆ ಕೊಟ್ಟ ಅವಳ ಮಗಳು ರತ್ನನಿಗೆ ಮೂರು ಸಲ ಬಸಿರು ನಿಂತೂ ಇಳಿದುಹೋಗಿತ್ತು. ಈ ಸಲ ದೇವರು ಕಣ್ಣುಬಿಟ್ಟರೆ ಮಡಿಲು ತುಂಬುವುದು ಈ ಕಾಯಿಯ ಗಿಟಕಿನಿಂದಲೇ ಎಂದು ಕೆಂಪಕ್ಕ ಹರಕೆಯ ಹಾಗೆ ನಿಶ್ಚಯ ಮಾಡಿಕೊಂಡಿದ್ದಳು. ಅರವತ್ತನ್ನೂ ಬೇರೆ ಕಾಯಿಯ ಜೊತೆ ಬೆರೆಯದಂತೆ ಅಟ್ಟದ ಮೂಡಣ ಮೂಲೆಯಲ್ಲಿ ಜೋಡಿಸಿದೆ.

ಇನ್ನು ಗಾಡಿಯ ವಿಷಯ. ಮಹೇಶನ ಹತ್ತಿರ ಹಾಲಿನ ಬಣ್ಣದ ಒಂದು ಕಾರು ಇತ್ತು. ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಮಾಡು, ಹೊಟ್ಟೆ ನೆಲಕ್ಕೆ ಒಂದು ಗೇಣು. ವಿಲಾಯಿತಿ ಕಂಪನಿಯದು. ಹೆಸರು ಹೇಳಿ ಅವರಿಗೆ ಪುಕ್ಕಟೆ ಪ್ರಚಾರ ಕೊಡಲಾರೆ. ಅವನು ಅದನ್ನು ಹೇಗೆ ತಂದ ಎಂಬುದು ಬೇರೆಯೇ ರಾಮಾಯಣ. ಅದೇ ಕಂಪನಿಯ ಗಾಡಿ ನಮ್ಮ ಸೀಮೆಯಲ್ಲಿ ಇನ್ನಿಬ್ಬರ ಹತ್ತಿರ ಇತ್ತು. ಒಬ್ಬರು ತುರುವೇಕೆರೆಯ ಹಲ್ಲಿನ ಡಾಕ್ಟರು, ಇನ್ನೊಬ್ಬ ಚಿಕ್ಕನಾಯಕನಹಳ್ಳಿಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಲೋಕೇಶಿ. ಮೂವರೂ ಭಾನುವಾರ ಬೆಳಗ್ಗೆ ಸೇರುತ್ತಿದ್ದದ್ದು ನಮ್ಮ ಕೊಬ್ಬರಿ ಮನೆಯ ಮುಂದಿನ ಸಿಮೆಂಟಿನ ಅಂಗಳದಲ್ಲಿ. ಯಾಕೆಂದರೆ ಅವರ ಗಾಡಿಗಳಿಗೆ ಹೊಟ್ಟೆ ಉಜ್ಜದೆ ನಿಲ್ಲುವ ಇನ್ನೊಂದು ಜಾಗ ಸುತ್ತಮುತ್ತ ಇರಲಿಲ್ಲ.

ತೆಂಗಿನ ಸೀಮೆಯಲ್ಲಿ ಅಂಥ ಗಾಡಿ ಇಟ್ಟುಕೊಳ್ಳುವುದೇ ಒಂದು ಹುಚ್ಚು. ಎಲ್ಲಿ ನಿಲ್ಲಿಸಿದರೂ ತಲೆಯ ಮೇಲೆ ಮರ. ಡಾಕ್ಟರ ಗಾಡಿಯ ಮೇಲೆ ಮಾಯಸಂದ್ರದಲ್ಲಿ ಒಮ್ಮೆ ಕಾಯಿ ಬಿದ್ದು ಬಾನೆಟ್ಟು ತಗ್ಗಾಗಿತ್ತು. ಬೆಂಗಳೂರಿನ ಶೋರೂಮಿನವರು, ತೆಂಗಿನಕಾಯಿ ಬಿದ್ದು ಹೀಗಾಯಿತು ಎಂದರೆ ನಂಬದೆ ಯಾರಿಗೆ ಗುದ್ದಿದಿರಿ ಎಂದು ಕೇಳಿದರಂತೆ. ಅಂದಿನಿಂದ ಮಹೇಶ ತನ್ನ ಗಾಡಿಯನ್ನು ಕೊಬ್ಬರಿ ಮನೆಯೊಳಗೆ, ಅಟ್ಟದ ಕೆಳಗೆ ನಿಲ್ಲಿಸತೊಡಗಿದ. ದನದ ಕೊಟ್ಟಿಗೆಯಲ್ಲಿ ಜಾಗವಿತ್ತು. ಆದರೆ ಹಸು ನೆಕ್ಕಿದರೆ ಬಣ್ಣಕ್ಕೆ ಗೀರು ಬೀಳುತ್ತದಂತೆ.

ಆ ಮೂವರು ಭಾನುವಾರ ಮಾಡುತ್ತಿದ್ದದ್ದೇನು? ಇರುವ ಗಾಡಿಯ ಮಾತು ಒಂದು ಲೋಟ ಕಾಫಿಗೆ ಮುಗಿಯುತ್ತಿತ್ತು. ಆಮೇಲೆ ಬರೀ ಬರಲಿರುವ ಗಾಡಿಯ ಮಾತು. ಕಂಪನಿಯವರು ಹೊಸ ಮಾದರಿ ತರುತ್ತಾರಂತೆ. ಅದು ಯಾವುದೋ ದೇಶದ ರಸ್ತೆಯಲ್ಲಿ, ಆಕಾರ ಯಾರಿಗೂ ತಿಳಿಯಬಾರದೆಂದು ಮೈತುಂಬ ಕಪ್ಪು ಬಿಳಿ ಗೀರು ಬಳಿದುಕೊಂಡು ಓಡಾಡುತ್ತಿತ್ತಂತೆ. ಯಾರೋ ಕದ್ದು ತೆಗೆದ ಮಸುಕು ಚಿತ್ರ ಮೊಬೈಲಿಗೆ ಬರುತ್ತಿತ್ತು. ಡಾಕ್ಟರು ಅದನ್ನು ಹಲ್ಲಿನ ಎಕ್ಸ್‌ರೇ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿ, ಮೂತಿ ಉದ್ದ ಇದೆ, ಪೆಟ್ರೋಲ್ ಇಂಜಿನ್ನೇ ಎನ್ನುತ್ತಿದ್ದರು. ಲೋಕೇಶಿ ಹೊಗೆಕೊಳವೆ ಕಾಣಿಸುತ್ತಿಲ್ಲ, ಬ್ಯಾಟರಿಯೇ ಎನ್ನುತ್ತಿದ್ದ. ಅದರ ಮೇಲೆ ಜಗಳ. ಒಂದು ಭಾನುವಾರ ಇಬ್ಬರೂ ಏಕವಚನಕ್ಕೆ ಇಳಿದು, ಕಾಫಿ ಲೋಟ ಅಲ್ಲೇ ಕುಕ್ಕಿ, ಎರಡು ವಾರ ಮುಖ ನೋಡಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೆ, ಕುಲಾವಿಯ ಬಣ್ಣಕ್ಕೆ ಹೊಡೆದಾಡುವವರನ್ನು ಅಲ್ಲೇ ಕಂಡದ್ದು. ನನ್ನ ತಮ್ಮ ಇಬ್ಬರಿಗೂ ಹೌದು ಹೌದು ಎನ್ನುತ್ತಿದ್ದ. ಅದನ್ನು ಕಂಡರೆ ನನಗೆ ಇನ್ನೂ ಅಸಹ್ಯ.

ಜ್ಯೇಷ್ಠದಲ್ಲಿ ಕಂಪನಿಯಿಂದ ಒಂದು ಸುದ್ದಿ ಬಂತು. ಹಳೆಯ ಗಾಡಿಯನ್ನು ಹೊಸದರ ಹಾಗೆ ಇಟ್ಟುಕೊಂಡ ಕೆಲವು ಮಾಲೀಕರನ್ನು ಆರಿಸಿ, ವಿಲಾಯಿತಿಯ ತಮ್ಮ ಕಾರ್ಖಾನೆಗೆ ಕರೆಸಿ, ಹೊಸ ಮಾದರಿಯನ್ನು ಲೋಕಕ್ಕಿಂತ ಮೊದಲು ಅವರಿಗೆ ತೋರಿಸುತ್ತಾರಂತೆ. ಆಸೆ ಇದ್ದವರು ತಿಂಗಳಿಗೊಮ್ಮೆ ತಮ್ಮ ಗಾಡಿಯ ಚಿತ್ರ ಕಳಿಸಬೇಕು. ಒಳಗೆ, ಹೊರಗೆ, ಸೀಟು, ಮೇಲಿನ ಬಟ್ಟೆ, ಎಲ್ಲ. ಮೂವರಿಗೂ ಜ್ವರ ಬಂದ ಹಾಗಾಯಿತು. ಮಹೇಶ ಮೇಣದ ಡಬ್ಬಿಗಳನ್ನು ತಂದು ಕೊಬ್ಬರಿ ಮನೆಯ ಗೂಡಿನಲ್ಲಿ ಸಾಲಾಗಿ ಇಟ್ಟ. ನನ್ನ ಮಟ್ಟೆ, ಚಿಪ್ಪಿನ ರಾಶಿಯನ್ನು ಹೊರಗೆ ಎಸೆಸಿದ.

ಆರಿದ್ರ ಮಳೆ ಹಿಡಿದ ಮೂರನೆಯ ದಿನ ನಾನು ಹೊಗೆಗೆ ಅಣಿ ಮಾಡಲು ಹೋದೆ. ಮಹೇಶ ಬಾಗಿಲಿಗೆ ಅಡ್ಡ ನಿಂತ.

"ಈ ಸಲ ಹೊಗೆ ಬ್ಯಾಡ ಕಣಕ್ಕ. ಮ್ಯಾಲಿನ ಬಟ್ಟೆ ಹೊಗೆ ಹೀರ್ಕಂಡ್ರೆ ಫೋಟೋದಲ್ಲಿ ಹಳದಿ ಕಾಣ್ತದೆ."

"ಹೊಗೆ ಇಲ್ದೆ ಕಾಯಿ ಏನಾಯ್ತದೆ ಗೊತ್ತೇನ್ಲಾ ನಿಂಗೆ? ಎರಡು ದಿನ ಗಾಡಿ ಹೊರಗಿಡು."

ಹೊರಗೆ ಮಳೆ, ಟಾರ್ಪಾಲು ಹೊದಿಸಿದರೆ ಉಜ್ಜಿ ಗೀರು ಬೀಳುತ್ತದೆ, ಈ ವರ್ಷ ಮಳೆ ಕಡಿಮೆಯಂತೆ, ಕಿಟಕಿ ತೆಗೆದಿಟ್ಟರೆ ಗಾಳಿಗೇ ಒಣಗುತ್ತದೆ ಎಂದು ಅವನು ಒಂದರ ಮೇಲೊಂದು ಹೇಳಿದ. ಅಪ್ಪನ ಹೆಸರು ಎತ್ತಿ ಬೈದೆ. ನಿನ್ನ ತಲೆಯ ಮೇಲೆ ಒಂದು ಗೊನೆ ಬೀಳಲಿ ಎಂದೆ. ಅವನು ಕದಲಲಿಲ್ಲ. ನಾಳೆ ನೋಡಿಕೊಳ್ಳುತ್ತೇನೆ ಎಂದು ಮನೆಗೆ ಬಂದೆ. ನಾಳೆ ಮಹೇಶ ಎದ್ದೇಳುವ ಮುಂಚೆ ಹೋಗಿ ಬೆಂಕಿ ಹಾಕುವುದೆಂದೇ ನನ್ನ ಮನಸ್ಸಿನಲ್ಲಿತ್ತು.

ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂಬುದನ್ನು ಬರೆಯಲೇಬೇಕು, ಇಲ್ಲದಿದ್ದರೆ ಇದೆಲ್ಲ ಬರೆದು ಫಲವಿಲ್ಲ.

ಅದೇ ಸಂಜೆ ಮಳೆ ಬಿಟ್ಟು ಹೊಳವಾಯಿತು. ಮಹೇಶ ಮನೆಯ ಮುಂದೆ ಗಾಡಿ ತಂದು ನಿಲ್ಲಿಸಿ, ಬಾ ಅಕ್ಕ, ಒಂದು ಸುತ್ತು ಹೋಗಿ ಬರೋಣ ಎಂದ. ಬರೀ ಪುಸಲಾಯಿಸುವ ಉಪಾಯ ಎಂದು ಗೊತ್ತಿತ್ತು. ಎರಡು ಬೈಗುಳ ಬೈದೇ ಹತ್ತಿದೆ. ಆ ಸೀಟಿನಲ್ಲಿ ಕೂರುವುದೆಂದರೆ ಮೊರದಲ್ಲಿ ಕೂತ ಹಾಗೆ. ತಿಪಟೂರು ದಾಟಿ ಅರಸೀಕೆರೆಯ ಕಡೆ ಹೆದ್ದಾರಿಗೆ ಬಿದ್ದ ಮೇಲೆ ಅವನು ಮೇಲಿನ ಬಟ್ಟೆ ಮಡಚಿ ಕಾಲು ಒತ್ತಿದ. ಮೊದಲು ಕಿರುಚಿದೆ. ಸೆರಗು ಹಾರಿತು, ಕಣ್ಣಲ್ಲಿ ನೀರು ಬಂತು, ಎರಡೂ ಬದಿಯ ತೋಟಗಳು ಒಂದೇ ಹಸಿರು ಗೋಡೆಯಾದವು. ಆಮೇಲೆ ನಗು ಬಂತು. ನಲವತ್ತೆಂಟು ವರ್ಷದ ಹೆಂಗಸು, ನಾನು ಹಾಗೆ ಎಂದಾದರೂ ನಕ್ಕಿದ್ದೆನೋ ಇಲ್ಲವೋ ನೆನಪಿಲ್ಲ. ವಾಪಸು ಬರುವಾಗ ಇನ್ನೊಂದು ಸಲ ಹಾಗೇ ಓಡಿಸು ಎಂದು ನಾನೇ ಕೇಳಿದೆ.

ಇಳಿಯುವಾಗ ಅವನು ಹೇಳಿದ, "ಆರಿಸಿದವ್ರು ಜೊತೆಗೊಬ್ಬರನ್ನ ಕರ್ಕೊಂಡು ಬರಬೋದಂತೆ ಕಣಕ್ಕ. ಶೋಭ ಆ ಗಾಡಿ ಮುಖ ನೋಡೋಕೆ ನಾನು ಬರಲ್ಲ ಅಂದ್ಲು. ನೀನು ಬತ್ತೀಯಾ?"

ಶೋಭ ಅವನ ಹೆಂಡತಿ. ವಿಮಾನವನ್ನು ತೋಟದಲ್ಲಿ ನಿಂತು ತಲೆಯೆತ್ತಿ ನೋಡಿದ್ದು ಬಿಟ್ಟರೆ ನನಗೆ ಅದರ ಗುರುತಿರಲಿಲ್ಲ. ಬೆಳಗ್ಗೆ ಎದ್ದಾಗ ಸೋನೆ ಹಿಡಿದಿತ್ತು. ಬೆಂಕಿಪೊಟ್ಟಣ ಕೈಯಲ್ಲೇ ಇತ್ತು. ಇನ್ನೊಂದು ವಾರ ನೋಡೋಣ ಎಂದು ಒಲೆಯ ಮೇಲೆ ಇಟ್ಟುಬಿಟ್ಟೆ.

ಆ ಮೇಲೆ ನಡೆದದ್ದು ಬರೀ ವಾರದ ಮೇಲೆ ವಾರ. ಪುನರ್ವಸು ಹೋಯಿತು, ಪುಷ್ಯ ಹೋಯಿತು, ಆಶ್ಲೇಷ ಮಳೆ ಹಗಲಿರುಳು ಹೊಯ್ಯಿತು. ಮಳೆ ಕಡಿಮೆಯಂತೆ ಎಂದಿದ್ದವನ ಬಾಯಿಗೆ ಮಣ್ಣು ಹಾಕುವ ಹಾಗೆ ಆ ವರ್ಷದ ಒಂದು ನಕ್ಷತ್ರವೂ ಖಾಲಿ ಹೋಗಲಿಲ್ಲ. ನಾನು ಯಜಮಾನರನ್ನು ಕರೆದುಕೊಂಡು ತುಮಕೂರಿಗೆ ಹೋಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಬಂದೆ. ಊರಲ್ಲಿ ಯಾರಿಗೂ ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಯಜಮಾನರು, ಅಟ್ಟಕ್ಕೆ ಹೊಗೆ ಹಾಕಿದೆಯಾ ಎಂದು ಒಂದೇ ಒಂದು ಸಲ ಕೇಳಿದರು. ನಿಮಗೆ ಗೊತ್ತಿಲ್ಲದ ಕೆಲಸದ ಉಸಾಬರಿ ಯಾಕೆ ಎಂದು ಸಿಡುಕಿದೆ. ಅವರು ಕಿಟಕಿಯ ಕಡೆ ತಿರುಗಿ ಕೂತರು.

ಭಾನುವಾರಗಳಲ್ಲಿ ನನ್ನ ನಡತೆಯೂ ಬದಲಾಯಿತು. ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದವಳು ಬಾಗಿಲಿಗೆ ಒರಗಿ ನಿಲ್ಲತೊಡಗಿದೆ. ಯಾವಾಗ ಆರಿಸುತ್ತಾರಂತೆ ಎಂದು ಕೇಳತೊಡಗಿದೆ. ಒಮ್ಮೆ ಡಾಕ್ಟರ ಮೊಬೈಲನ್ನು ಇಸಿದುಕೊಂಡು ಆ ಗೀರುಗೀರಿನ ಗಾಡಿಯನ್ನು ನಾನೂ ನೋಡಿದೆ. ಬಾಯಲ್ಲಿ ಅವರನ್ನು ಬೈಯುತ್ತಲೇ ಇದ್ದೆ. ಕಾಯುವ ಕೆಲಸದಲ್ಲಿ ಮಾತ್ರ ಅವರ ಜೊತೆ ನಾಲ್ಕನೆಯವಳಾಗಿ ಕೂತಿದ್ದೆ. ಕೆಂಪಕ್ಕ ರತ್ನನಿಗೆ ಈ ಸಲ ಐದು ತಿಂಗಳು ದಾಟಿತು ಎಂದು ಸಂತೋಷದಿಂದ ಹೇಳಿಹೋಗಲು ಬಂದಾಗ, ಕಾಯಿ ಹೇಗಿವೆ ಎಂದು ಅವಳು ಕೇಳಲಿಲ್ಲ. ನಮ್ಮ ಅಟ್ಟದ ಬಗ್ಗೆ ಹಾಗೆ ಕೇಳುವ ರೂಢಿಯೇ ಇರಲಿಲ್ಲ.

ದೀಪಾವಳಿ ಕಳೆದ ವಾರ ಆ ಹೊಸ ಮಾದರಿಯ ದರ್ಶನವಾಯಿತು. ಆರಿಸಿದವರ ಪಟ್ಟಿಯಲ್ಲಿ ಇವರು ಮೂವರೂ ಇರಲಿಲ್ಲ. ಅದನ್ನು ಹೇಳುವ ಸೌಜನ್ಯವೂ ಕಂಪನಿಯವರಿಗೆ ಇರಲಿಲ್ಲ, ಯಾರೋ ಹಾಕಿದ ಪಟ್ಟಿ ನೋಡಿಯೇ ತಿಳಿದದ್ದು. ಆದರೂ ಭಾನುವಾರ ನಮ್ಮ ಅಂಗಳದಲ್ಲಿ ಮೂರು ತಲೆ ಒಂದು ಮೊಬೈಲಿನ ಮೇಲೆ ಬಾಗಿದ್ದವು. ದೂರದ ದೇಶದಲ್ಲಿ ಯಾರೋ ಬಟ್ಟೆ ಎಳೆದರು. ಒಳಗಿದ್ದದ್ದು ಐದು ಜನ ಕೂರುವ, ಐದು ಬಾಗಿಲಿನ, ದನದ ಡಾಕ್ಟರ ಜೀಪಿನಷ್ಟು ಎತ್ತರದ ಬ್ಯಾಟರಿ ಗಾಡಿ. ಮೇಲಿನ ಬಟ್ಟೆಯೂ ಇಲ್ಲ, ಏನೂ ಇಲ್ಲ. ಡಾಕ್ಟರು ಕನ್ನಡಕ ಒರೆಸಿಕೊಂಡು, ಇದು ಅದಲ್ಲ, ಜನರ ಕಣ್ಣಿಗೆ ಮಣ್ಣೆರಚಲು ತೋರಿಸಿದ್ದು, ನಿಜವಾದದ್ದು ಮುಂದಿನ ವರ್ಷ ಬರುತ್ತದೆ ಎಂದರು. ಲೋಕೇಶಿ ಮೊದಲ ಬಾರಿಗೆ ಅವರ ಮಾತಿಗೆ ಒಪ್ಪಿದ. ಮಹೇಶ ಹೌದು ಹೌದು ಎಂದ.

ನಾನು ಅಲ್ಲಿಂದ ನೇರವಾಗಿ ಏಣಿ ಹತ್ತಿದೆ. ಎಷ್ಟೋ ದಿನದಿಂದ ಮೇಣದ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಮೂಗಿಗೆ ತಾಗುತ್ತಿತ್ತು. ಗೊತ್ತಿದ್ದೂ ಮೂಗು ತಿರುಗಿಸಿಕೊಂಡು ಓಡಾಡಿದ್ದೆ. ಹೋಗಿ ಮೂಡಣ ಮೂಲೆಯ ಮೊದಲ ಕಾಯಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಲೊಡಲೊಡ ಇಲ್ಲ, ನೀರಿನ ಸದ್ದೂ ಇಲ್ಲ, ಒಳಗೆ ಏನೋ ಮೆತ್ತಗೆ ಜರುಗಿತು. ಕೆಳಗೆ ತಂದು ಸುಲಿದು ಒಡೆದೆ. ಕಪ್ಪು ಲೋಳೆ. ಇನ್ನೊಂದರಲ್ಲಿ ಮೊಳಕೆ. ಅರವತ್ತನ್ನೂ ಒಂದೊಂದಾಗಿ ಒಡೆದೆ, ಸಂಜೆಯಾಯಿತು. ಒಂದೂ ಉಳಿದಿರಲಿಲ್ಲ. ನಮ್ಮ ಸ್ವಂತದ್ದರಲ್ಲಿ ಅರ್ಧ ಹೋಯಿತು, ಅದಕ್ಕೆ ನಾನು ಅಳಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ.

ಮಹೇಶ ಬಂದು ಚಿಪ್ಪಿನ ರಾಶಿಯ ಮುಂದೆ ನಿಂತ. ಹಾಳಾಗಿ ಹೋಗು, ನಿನ್ನ ಗಾಡಿಗಿಷ್ಟು ಬೆಂಕಿ ಬೀಳಲಿ, ಊರಲ್ಲಿ ನಾನು ಹೇಗೆ ಮುಖ ತೋರಿಸಲಿ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದ. "ನಾನು ಬ್ಯಾಡ ಅಂದಿದ್ದೇನೋ ನಿಜ ಕಣಕ್ಕ. ನೀನು ಯಾವತ್ತು ನನ್ನ ಮಾತು ಕೇಳಿದ್ದೆ? ಹಠ ಹಿಡೀತೀಯ ಅಂತ್ಲೇ ಅಂದ್ಕಂಡಿದ್ದೆ."

ಅಂದು ಅವನ ಕೆನ್ನೆಗೆ ಹೊಡೆದೆ. ಮದುವೆಯಾದ ಗಂಡಸಿಗೆ ಕೈ ಮಾಡಿದ್ದು ತಪ್ಪು. ಅವನು ಹೇಳಿದ್ದು ನಿಜವಾದ್ದರಿಂದ ಇನ್ನೂ ತಪ್ಪು.

ಮಾರನೆಯ ದಿನ ಕೆಂಪಕ್ಕನ ಮನೆಗೆ ಹೋದೆ. ಅವಳ ಅಂಗಳಕ್ಕೆ ಕಾಲಿಡುವವರೆಗೂ ನಿಜ ಹೇಳಬೇಕೆಂದೇ ಇತ್ತು. ಅವಳು ಕುರಿಗೆ ಸೊಪ್ಪು ಕಟ್ಟುತ್ತಿದ್ದಳು. ಕಾಯಿ ಹೋಯಿತು ಎಂದೆ. ಅವಳ ಕೈ ನಿಂತಿತು. ಯಾಕೆ ಹೊಗೆ ಹಾಕಲಿಲ್ಲ ಎಂದು ಕೇಳಿದಳು. ಗಾಡಿಗೆ ಹೊಗೆ ತಾಗುತ್ತದೆ ಅಂತ ಮಹೇಶ ಬೇಡ ಅಂದ ಎಂದುಬಿಟ್ಟೆ. ಅಷ್ಟೇ ಹೇಳಿ ಬಾಯಿ ಮುಚ್ಚಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಕುರಿಗಳನ್ನು ನೋಡುತ್ತಿದ್ದೆ.

ಊರು ಮಹೇಶನ ಮೇಲೆ ಬಿತ್ತು. ಹೆಂಗಸರು ಅವನ ಗಾಡಿ ಕಂಡರೆ ನೆಲಕ್ಕೆ ಉಗಿದರು. ಬಸುರಿಯ ಮಡಿಲಿನ ಕಾಯನ್ನು ಕೊಳೆಸಿದವನು ಎಂಬ ಹೆಸರು ಅವನಿಗೆ ಅಂಟಿಕೊಂಡಿತು. ಅವನು ಒಬ್ಬರಿಗೂ ಎದುರಾಡಲಿಲ್ಲ, ಅಕ್ಕನೂ ಬರುವವಳಿದ್ದಳು ಎಂದು ಬಾಯಿತಪ್ಪಿಯೂ ಅನ್ನಲಿಲ್ಲ. ಆ ದೊಡ್ಡಸ್ತಿಕೆಗಾಗಿ ಅವನ ಮೇಲೆ ನನಗೆ ಇನ್ನಷ್ಟು ಸಿಟ್ಟು ಬಂತು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಾಘದಲ್ಲಿ ರತ್ನನಿಗೆ ಮಡಿಲು ತುಂಬಿದರು. ಗಿಟಕು ತಿಪಟೂರಿನ ಅಂಗಡಿಯಿಂದ ತಂದದ್ದು. ನನ್ನನ್ನೂ ಕರೆದಿದ್ದರು. ಸರದಿ ಬಂದಾಗ ಅಕ್ಕಿಯ ಜೊತೆ ಆ ಅಂಗಡಿಯ ಗಿಟಕನ್ನು ಎತ್ತಿ ಮಡಿಲಿಗೆ ಹಾಕಿದೆ. ರತ್ನ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಎಲ್ಲರೂ ಊಟಕ್ಕೆ ಎದ್ದ ಮೇಲೆ ಕೆಂಪಕ್ಕ ಒಬ್ಬಳೇ ಚೆಲ್ಲಿದ ಅಕ್ಕಿಯನ್ನು ಮೊರಕ್ಕೆ ಬಳಿಯುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ. ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಮಹೇಶನ್ನ ಬಯ್ಯೋದು ಬುಟ್ಬುಡು ಕೆಂಪಕ್ಕ. ಅವನ ಜೊತೆ ಆ ಗಾಡಿ ನೋಡೋಕೆ ನಾನೂ ಹೋಗೋಳಿದ್ದೆ. ಆ ಆಸೇಲಿ ಹೊಗೆ ಹಾಕ್ಲಿಲ್ಲ."

ಅವಳು ಅಕ್ಕಿ ಬಳಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣವ್ವ," ಎಂದಳು. "ನಿನ್ನ ಪಾಸ್‌ಪೋರ್ಟಿಗೆ ಅಂತ ಪೊಲೀಸ್ನೋರು ಬಂದಿದ್ರಲ್ಲ ಅಕ್ಕಪಕ್ಕ ವಿಚಾರಿಸೋಕೆ. ಒಳ್ಳೇ ಹೆಂಗಸು, ನಂಬಬೋದು ಅಂತ ಸೈನ್ ಹಾಕಿದೋಳು ನಾನೇ. ಅವತ್ತು ಕಾಯಿ ಹೋಯ್ತು ಅನ್ನೋಕೆ ಬಂದಾಗ ನೀನಾಗೇ ಹೇಳ್ತೀಯ ಅಂತ ನಿನ್ನ ಮುಖ ನೋಡ್ತಾ ನಿಂತಿದ್ದೆ."

ಮೊರ ಎತ್ತಿಕೊಂಡು ಅವಳು ಒಳಗೆ ಹೋದಳು. ಹೋಗುವಾಗ, ಊಟಕ್ಕೆ ಏಳು, ಎಲೆ ಹಾಕಿದ್ದಾರೆ ಎಂದಳು.

ರತ್ನನಿಗೆ ಹೆಣ್ಣು ಮಗುವಾಗಿ, ಚೆನ್ನಾಗಿದೆ. ಆ ಮೇಲೆ ಒಂದು ಮಳೆಗಾಲವೂ ನಾನು ಹೊಗೆ ತಪ್ಪಿಸಿಲ್ಲ. ಕೆಂಪಕ್ಕ ಎದುರು ಸಿಕ್ಕರೆ ಮಾತಾಡಿಸುತ್ತಾಳೆ, ಮೊಮ್ಮಗಳು ಊರಿಗೆ ಬಂದಾಗ ಎತ್ತಿಕೊಂಡು ಬಂದು ನನ್ನ ತೊಡೆಯ ಮೇಲೆ ಕೂರಿಸುತ್ತಾಳೆ. ಯುಗಾದಿ ಕಳೆದ ಮೇಲೆ ಅವಳ ಬಾವಿಯ ಪಕ್ಕದ ಮರದ ಕಾಯಿ ಮಾತ್ರ ನಮ್ಮ ಕೊಬ್ಬರಿ ಮನೆಯ ಮುಂದೆಯೇ ಎತ್ತಿನಗಾಡಿಯಲ್ಲಿ ಹಾದು, ಪಕ್ಕದ ಊರಿನವರ ಅಟ್ಟಕ್ಕೆ ಹೋಗುತ್ತದೆ.